ಆಮ್ಲ ಒಂದೇ, ವ್ಯಾಖ್ಯೆ ಮೂರೇಕೆ?

ನೀರಿನಲ್ಲಿ ಕರಗಿ ಹೈಡ್ರೋಜನ್ ಅಯಾನು (ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಕಣ) ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನು ಕೊಡುವುದು ಪ್ರತ್ಯಾಮ್ಲ. ಪ್ರೌಢಶಾಲೆಯಲ್ಲಿ ಇಷ್ಟನ್ನು ಕಲಿತ ಮಕ್ಕಳಿಗೆ ಮುಂದಿನ ತರಗತಿಯಲ್ಲಿ ಆಮ್ಲದ ಮೂರು ವ್ಯಾಖ್ಯೆಗಳ ಒಂದು ಕೋಷ್ಟಕ ಎದುರಾಗುತ್ತದೆ: ಅರೇನಿಯಸ್, ಬ್ರಾನ್‌ಸ್ಟೆಡ್–ಲೌರಿ, ಲೂಯಿಸ್. ಮೂರರಲ್ಲಿ ಯಾವುದು ಸರಿ ಎಂಬ ಗೊಂದಲ ಅಲ್ಲಿಂದ ಶುರು. ಮೂರೂ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವು ಎಂಬುದು ಕೋಷ್ಟಕದಲ್ಲಿ ಇರುವುದಿಲ್ಲ.

ಹಳೆಯ ಕಥೆ ಬೇಗ ಹೇಳಿ ಮುಗಿಸಬಹುದು. 17ನೇ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ನೇರಳೆ ಹೂವಿನ ಪಾಕ ಆಮ್ಲದಲ್ಲಿ ಕೆಂಪಾಗುವುದನ್ನೂ ಕ್ಷಾರದಲ್ಲಿ ಹಸಿರಾಗುವುದನ್ನೂ ದಾಖಲಿಸಿದ. ಲವಾಸಿಯೆ ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದ್ದೇ ಇರುತ್ತದೆ ಎಂದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು ಹಂಫ್ರಿ ಡೇವಿ ತೋರಿಸಿದ. ಲೋಹವು ಹೊರದಬ್ಬಬಲ್ಲ ಹೈಡ್ರೋಜನ್ನೇ ಆಮ್ಲದ ಗುರುತು ಎಂದು 1838ರಲ್ಲಿ ಲೀಬಿಗ್ ಹೇಳಿದ.

ನಿಜವಾದ ತಿರುವು 1884ರದು. ಸ್ವೀಡನ್ನಿನ ಉಪ್ಸಾಲದಲ್ಲಿ ಸ್ವಾಂಟೆ ಅರೇನಿಯಸ್ ಲವಣ ಮತ್ತು ಆಮ್ಲಗಳ ದ್ರಾವಣದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬ ಬಗ್ಗೆ ಪ್ರಬಂಧ ಸಲ್ಲಿಸಿದ. ಅದಕ್ಕೆ ಸಿಕ್ಕಿದ್ದು ಕೆಳದರ್ಜೆಯ ಅಂಕ. ಮೂರು ವರ್ಷಗಳ ನಂತರ ಆತ ತನ್ನ ಸಿದ್ಧಾಂತವನ್ನು ಪೂರ್ಣರೂಪದಲ್ಲಿ ಮುಂದಿಟ್ಟ: ವಿದ್ಯುತ್ ಹಾಯಿಸದಿದ್ದರೂ ಉಪ್ಪು ನೀರಿಗೆ ಬಿದ್ದ ಕೂಡಲೇ ಅಯಾನುಗಳಾಗಿ ಒಡೆಯುತ್ತದೆ. ನಂಬಲು ಹಿಂದೆಮುಂದೆ ನೋಡಿದವರನ್ನು ದೂರುವಂತಿಲ್ಲ. ಸೋಡಿಯಂ ನೀರಿಗೆ ಬಿದ್ದರೆ ರಭಸದಿಂದ ವರ್ತಿಸುತ್ತದೆ, ಕ್ಲೋರಿನ್ ವಿಷಾನಿಲ. ಉಪ್ಪುನೀರಿನಲ್ಲಿ ಇವೆರಡೂ ಬಿಡಿಬಿಡಿಯಾಗಿ ಇವೆ ಎಂದರೆ ಹೇಗೆ? ಪರಮಾಣುವೇ ಬೇರೆ, ಅದರ ಅಯಾನೇ ಬೇರೆ ಎಂಬುದು ಅಂದು ಸ್ಪಷ್ಟವಾಗಿರಲಿಲ್ಲ. ಎಲೆಕ್ಟ್ರಾನ್ ಪತ್ತೆಯಾದದ್ದೇ 1897ರಲ್ಲಿ. 1903ರಲ್ಲಿ ಅರೇನಿಯಸ್‌ಗೆ ನೊಬೆಲ್ ಬಂತು.

ಈ ಸಿದ್ಧಾಂತ ಬಿಡಿಸಿದ ದೊಡ್ಡ ಗಂಟು ಪ್ರಬಲ ಮತ್ತು ದುರ್ಬಲ ಆಮ್ಲಗಳದ್ದು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಷ್ಟೇ ಸಾರತೆಯ ಅಸಿಟಿಕ್ ಆಮ್ಲವನ್ನೂ ಎರಡು ಪ್ರನಾಳಗಳಲ್ಲಿ ಸಮನಾಗಿ ತೆಗೆದುಕೊಂಡು ಮೆಗ್ನೀಸಿಯಂ ಪಟ್ಟಿಯ ತುಂಡು ಹಾಕಿ ನೋಡಿ. ಒಂದರಲ್ಲಿ ಗುಳ್ಳೆಗಳು ಭರಭರನೆ ಏಳುತ್ತವೆ, ಇನ್ನೊಂದರಲ್ಲಿ ನಿಧಾನವಾಗಿ. ಮೊದಲನೆಯದರ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹೈಡ್ರೋಜನ್ ಅಯಾನು ಹೆಚ್ಚು) 1, ಎರಡನೆಯದರದು ಸುಮಾರು 2.9; ಅಸಿಟಿಕ್ ಆಮ್ಲದ ಸಾವಿರ ಅಣುಗಳಲ್ಲಿ ಒಡೆದಿರುವುದು ಹದಿಮೂರರಷ್ಟು ಮಾತ್ರ. ಆದರೆ ಎರಡನ್ನೂ ತಟಸ್ಥಗೊಳಿಸಲು ಬೇಕಾಗುವ ಸೋಡಿಯಂ ಹೈಡ್ರಾಕ್ಸೈಡ್ ಒಂದೇ ಅಳತೆಯದು. ಒಡೆದ ಅಯಾನುಗಳು ಖರ್ಚಾದಂತೆಲ್ಲ ಉಳಿದ ಅಣುಗಳು ಒಡೆಯುತ್ತಾ ಹೋಗುತ್ತವೆ. ದುರ್ಬಲ ಎಂದರೆ ನೀರು ಬೆರೆಸಿ ತೆಳುಮಾಡಿದ್ದು ಎಂದುಕೊಳ್ಳುವ ವಿದ್ಯಾರ್ಥಿಗೆ ಇದೊಂದು ಪ್ರಯೋಗ ಸಾಕು. ಪಾಠದಲ್ಲಿ ಇದಕ್ಕೆ ಸಿಗಬೇಕಾದಷ್ಟು ಸಮಯ ಸಿಗುತ್ತಿಲ್ಲ.

ತೊಡಕು ಬಂದದ್ದು ಅಮೋನಿಯದಿಂದ. ಅದರ ಅಣುವಿನಲ್ಲಿ ಹೈಡ್ರಾಕ್ಸೈಡ್ ಇಲ್ಲ, ಆದರೂ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ವ್ಯಾಖ್ಯೆಗೆ ಹೊಂದಿಸಲು ಅದರ ದ್ರಾವಣವನ್ನು ಅಮೋನಿಯಂ ಹೈಡ್ರಾಕ್ಸೈಡ್ ಎಂದು ಬರೆಯುವುದು ರೂಢಿಯಾಯಿತು. ಅಲ್ಲಿರುವುದು ಬಹುಪಾಲು ನೀರಿನಲ್ಲಿ ಕರಗಿದ ಅಮೋನಿಯವೇ. ಅಮೋನಿಯ ಮತ್ತು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಗಳನ್ನು ಹತ್ತಿರ ತಂದು ಮುಚ್ಚಳ ತೆರೆದರೆ ನಡುವೆ ಬಿಳಿ ಹೊಗೆ ಏಳುತ್ತದೆ. ಅದು ಅಮೋನಿಯಂ ಕ್ಲೋರೈಡಿನ ಸೂಕ್ಷ್ಮ ಕಣಗಳು. ಸೀಸೆಗಳಿಂದ ಹೊರಬರುವ ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳು ಸೇರಿ ಲವಣವಾಗಲು ದ್ರಾವಣವೇ ಬೇಕಿಲ್ಲ. ಎಲ್ಲವನ್ನೂ ನೀರಿನಲ್ಲೇ ಅಳೆಯುವ ವ್ಯಾಖ್ಯೆ ಇಲ್ಲಿ ಕೈಚೆಲ್ಲುತ್ತದೆ.

1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್, ಇಂಗ್ಲೆಂಡಿನ ಲೌರಿ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ಪ್ರೋಟಾನ್ (ಅಂದರೆ ಹೈಡ್ರೋಜನ್ ಅಯಾನು) ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಅಮೋನಿಯ ಪ್ರೋಟಾನ್ ತೆಗೆದುಕೊಳ್ಳುತ್ತದೆ, ಅಲ್ಲಿಗೆ ಅದರ ತಕರಾರು ಮುಗಿಯಿತು. ನೀರು ಹೈಡ್ರೋಕ್ಲೋರಿಕ್ ಆಮ್ಲದ ಎದುರು ಪ್ರತ್ಯಾಮ್ಲ, ಅಮೋನಿಯದ ಎದುರು ಆಮ್ಲ. ಅದೇ ವರ್ಷ ಅಮೆರಿಕದ ಲೂಯಿಸ್ ಪ್ರೋಟಾನಿನ ಷರತ್ತನ್ನೂ ತೆಗೆದು, ಎಲೆಕ್ಟ್ರಾನ್ ಜೋಡಿ ಸ್ವೀಕರಿಸುವುದೇ ಆಮ್ಲ ಎಂದ. ಹೈಡ್ರೋಜನ್ನೇ ಇಲ್ಲದ ಬೋರಾನ್ ಟ್ರೈಫ್ಲೋರೈಡ್ ಅಮೋನಿಯದೊಂದಿಗೆ ಬೆಸೆದುಕೊಳ್ಳುವುದು ಹೀಗೆ.

ಪಿಎಚ್ ಅಳತೆ ಬಂದದ್ದು ಇನ್ನೊಂದು ದಾರಿಯಿಂದ. ಕೋಪನ್‌ಹೇಗನ್ನಿನಲ್ಲಿ ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದ ಸೋರೆನ್‌ಸನ್ 1909ರಲ್ಲಿ ಅದನ್ನು ರೂಪಿಸಿದ. ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಹೆಚ್ಚುತ್ತದೆ. 7 ಎಂದರೆ ತಟಸ್ಥ ಎಂಬ ಮಾತು 25 ಡಿಗ್ರಿ ಸೆಲ್ಸಿಯಸ್‌ಗೆ ಸಲ್ಲುವಂಥದ್ದು. 100 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.1, ಆಗಲೂ ಅದು ತಟಸ್ಥವೇ, ಏಕೆಂದರೆ ಹೈಡ್ರೋಜನ್ ಅಯಾನಿನಷ್ಟೇ ಹೈಡ್ರಾಕ್ಸೈಡ್ ಅಯಾನೂ ಅಲ್ಲಿರುತ್ತದೆ.