ಕರೆದ್ರೂ ಯಾಕೆ ಬರಲ್ಲ? ಪೇರೆಂಟಿಂಗ್ ಪ್ರೋಗ್ರಾಮ್‌ಗಳು ನಡೆದು ಬಂದ ದಾರಿ

ಅಪ್ಪ ಅಮ್ಮಂದಿರಿಗೆ ನೆರವಾಗ್ಲಿ ಅಂತ ಸಮುದಾಯದಲ್ಲಿ ಪ್ರೋಗ್ರಾಮ್ ನಡೆಸೋರ ಬಾಯಲ್ಲಿ ಪದೇ ಪದೇ ಕೇಳೋ ಮಾತು ಒಂದೇ, ಯಾರಿಗೆ ನಿಜವಾಗ್ಲೂ ಬೇಕೋ ಅವ್ರೇ ಬರಲ್ಲ ಅನ್ನೋದು. ಈ ಕೊರಗು ಹಳೇದು. ಆದ್ರೆ ತಪ್ಪೆಲ್ಲಾ ಬರದೇ ಇರೋರ ಮೇಲೆ ಹಾಕೋ ಮುಂಚೆ ಹಿಂದೆ ಏನೇನಾಯ್ತು ಅಂತ ನೋಡ್ಲೇಬೇಕು.

ಶುರುವಲ್ಲಿ ಇದು ಹೆಚ್ಚಾಗಿ ತಿಳಿದವರು ಬಂದು ಬುದ್ಧಿ ಹೇಳೋ ಕೆಲಸಾನೇ ಆಗಿತ್ತು. 1965ರಲ್ಲಿ ಅಮೆರಿಕದಲ್ಲಿ ಹೆಡ್ ಸ್ಟಾರ್ಟ್ ಶುರುವಾದಾಗ ಸ್ವಲ್ಪ ದಿಕ್ಕು ಬದಲಾಯ್ತು. ಬಡ ಕುಟುಂಬಗಳ ಮಕ್ಕಳಿಗೆ ಅಂತ ಮಾಡಿದ್ದ ಈ ಯೋಜನೇಲಿ ಪೋಷಕರು ಬರೀ ಕೂತು ಕೇಳೋರಾಗಿ ಉಳೀಲಿಲ್ಲ, ಅಲ್ಲೇ ಕೆಲಸಕ್ಕೆ ಸೇರಿದ್ರು, ತೀರ್ಮಾನ ತಗೊಳ್ಳೋ ಕಮಿಟಿಗಳಲ್ಲೂ ಕೂತ್ರು.

1973ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಾರ್ಗರೆಟ್ ಹ್ಯಾರಿಸನ್ ಅನ್ನೋರು ಹೋಮ್ ಸ್ಟಾರ್ಟ್ ಶುರು ಮಾಡಿದ್ರು. ಸ್ವತಃ ಮಕ್ಕಳನ್ನ ಬೆಳೆಸಿ ಅನುಭವ ಇರೋ ವಾಲಂಟಿಯರ್‌ಗಳು, ಪುಟ್ಟ ಮಕ್ಕಳಿರೋ ಮನೆಗೆ ತಾವೇ ಹೋಗಿ ಜೊತೆಗಿರೋದು, ಅಷ್ಟೇ.

ನನ್ನ ಮನಸ್ಸಿಗೆ ತುಂಬಾ ಹತ್ತಿರ ಆಗಿರೋದು ಜಮೈಕಾದ ಕಥೆ. 1986-87ರಲ್ಲಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನ ತಗೊಂಡು ಒಂದು ಅಧ್ಯಯನ ಶುರುವಾಯ್ತು, ಅದ್ರಲ್ಲಿ ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದ್ಸಲ ಒಂದು ಗಂಟೆ ಹೋಗ್ತಿದ್ರು, ಎರಡು ವರ್ಷ. ಮನೇಲಿ ಬಿಸಾಕೋ ಸಾಮಾನಿಂದಾನೇ ಮಾಡಿದ ಆಟಿಕೆ ತರೋದು, ತಾಯಿ ಮಗು ಜೊತೆ ಕೂತು ಆಡೋದು, ಹೋಗುವಾಗ ಆಟಿಕೆ ಅಲ್ಲೇ ಬಿಟ್ಟು ಮುಂದಿನ ವಾರ ಬೇರೇದು ಕೊಡೋದು. ಯಾರೂ ಎಲ್ಲಿಗೂ ಹೋಗ್ಬೇಕಿರ್ಲಿಲ್ಲ, ತಾಯಿಗೆ ಬೈಸಿಕೊಳ್ಳೋ ಭಯಾನೂ ಇರ್ಲಿಲ್ಲ. ಇಪ್ಪತ್ತು ವರ್ಷ ಆದ್ಮೇಲೆ ನೋಡಿದ್ರೆ ಆ ಮಕ್ಕಳ ಸಂಪಾದನೆ, ಭೇಟಿ ಸಿಗದ ಮಕ್ಕಳಿಗಿಂತ ಸುಮಾರು 25 ಪರ್ಸೆಂಟ್ ಜಾಸ್ತಿ ಇತ್ತು!

ದುಡ್ಡು ಸುರಿದ್ರೂ ಎಡವಿದ ಕಥೇನೂ ಇದೆ. ಇಂಗ್ಲೆಂಡಿನಲ್ಲಿ 1999ರಿಂದ ಬಡ ಏರಿಯಾಗಳಲ್ಲಿ ಪುಟ್ಟ ಮಕ್ಕಳಿಗೂ ಅವರ ಪೋಷಕರಿಗೂ ಅಂತ ಶ್ಯೂರ್ ಸ್ಟಾರ್ಟ್ ಅನ್ನೋ ಸರ್ಕಾರಿ ಯೋಜನೆ ನಡೀತು, 2005ರ ಮೌಲ್ಯಮಾಪನದಲ್ಲಿ ಸ್ವಲ್ಪ ಕಮ್ಮಿ ಕಷ್ಟದಲ್ಲಿದ್ದ ಕುಟುಂಬಗಳಿಗೆ ಲಾಭ ಆಗಿತ್ತು, ಆದ್ರೆ ಹದಿಹರೆಯದ ತಾಯಂದಿರು, ಒಂಟಿ ಪೋಷಕರು, ಕೆಲಸ ಇಲ್ಲದ ಮನೆಗಳಲ್ಲಿ ಕೆಲವು ವಿಷಯದಲ್ಲಿ ಪರಿಸ್ಥಿತಿ ಉಲ್ಟಾನೇ ಆಗಿತ್ತು. ಆಮೇಲಿನ ಮೌಲ್ಯಮಾಪನ ಇದಕ್ಕಿಂತ ಒಳ್ಳೇ ಫಲಿತಾಂಶ ತೋರಿಸ್ತು, ಸರಿ. ಆದ್ರೂ ಕಷ್ಟದಲ್ಲಿರೋರಿಗೆ ಸೆಂಟರ್ ಬಾಗಿಲು ತೆರೆದಿಟ್ರೆ ಸಾಕಾಗಲ್ಲ ಅನ್ನೋದು ನನಗಂತೂ ಸ್ಪಷ್ಟ, ಶಿಫ್ಟ್ ಕೆಲಸ, ಬಸ್ ಚಾರ್ಜು, ಇನ್ನೊಂದು ಮಗೂನ ಎಲ್ಲಿ ಬಿಡೋದು, ಎಲ್ಲಕ್ಕಿಂತ ಮೇಲೆ "ನಾನು ಕೆಟ್ಟ ತಾಯಿ ಅಂತ ಬರ್ಕೊಂಡು ಮಗೂನ ಕಿತ್ಕೊಂಡ್ರೆ?" ಅನ್ನೋ ದಿಗಿಲು. ಆ ದಿಗಿಲು ಪಾಂಪ್ಲೆಟ್ ಹಂಚಿದ್ರೆ ಹೋಗಲ್ಲ.

ಅದಕ್ಕೇ ಲಂಡನ್ನಿನ ಸದಕ್ ಭಾಗದಲ್ಲಿ ನಡೆದ ಪ್ರಯೋಗ ಮುಖ್ಯ ಅನ್ಸುತ್ತೆ. ಅಲ್ಲಿ ಪೋಷಕರಿಗೇ ಟ್ರೈನಿಂಗ್ ಕೊಟ್ಟು ಬೇರೆ ಪೋಷಕರ ಪೇರೆಂಟಿಂಗ್ ಗುಂಪು ನಡೆಸೋ ಜವಾಬ್ದಾರಿ ಕೊಟ್ರು, 2012ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದ್ರೆ ಸೇರಿದವರಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಜನ ಕೊನೇತನಕ ಉಳಿದಿದ್ರು. ಮಧ್ಯದಲ್ಲೇ ಬಿಟ್ಟು ಹೋಗೋದೇ ಮಾಮೂಲಾಗಿರೋ ಈ ಫೀಲ್ಡಲ್ಲಿ ಇದು ಸಣ್ಣ ಮಾತಲ್ಲ. ಎದುರಿಗೆ ಕೂತು ಮಾತಾಡೋಳು ಕೂಡ ರಾತ್ರಿಯೆಲ್ಲಾ ಅಳೋ ಮಗೂನ ಎತ್ಕೊಂಡು ಓಡಾಡಿದ ತಾಯೀನೇ ಅಂತ ಗೊತ್ತಾದ್ರೆ ಯಾರಾದ್ರೂ ಬಾಯಿ ಬಿಡ್ತಾರೆ.

ಈಗ ಫೋನಲ್ಲೂ ಶುರುವಾಗಿದೆ, ಮೆಸೇಜಲ್ಲಿ ಟಿಪ್ಸ್ ಬರುತ್ತೆ, ದೂರ ಹೋಗೋ ಹಾಗಿಲ್ಲ, ಟೈಮಿನ ತಾಪತ್ರಯ ಇಲ್ಲ. ಆದ್ರೆ ಮೆಸೇಜ್ ನೋಡ್ದೇ ಬಿಡೋದೂ ಅಷ್ಟೇ ಸುಲಭ. ಇನ್ನು ಅಪ್ಪಂದಿರ ವಿಷಯದಲ್ಲಿ ಮಾತ್ರ ಎಲ್ಲಾ ಕಡೆ ಹಿಂದೇನೇ ಇದೀವಿ, ಮೀಟಿಂಗ್ ಹಗಲು ಹೊತ್ತಲ್ಲಿ ಇಡ್ತೀವಿ, ಕರೆಯೋದು ತಾಯೀನ, ಫಾರ್ಮಲ್ಲಿ ಬರೆಯೋದೂ ತಾಯಿ ನಂಬರೇ, ಆಮೇಲೆ ಅಪ್ಪ ಬರ್ಲಿಲ್ಲ ಅಂತೀವಿ.