ಫೆಲನಿ ಮರ್ಡರ್ ನಿಯಮ: ಅಪರಾಧದ ಪ್ರಶ್ನೆ ಬೇರೆ, ಶಿಕ್ಷೆಯ ಪ್ರಶ್ನೆ ಬೇರೆ

ದರೋಡೆ, ಬೆಂಕಿ ಹಚ್ಚುವುದು, ಮನೆಗೆ ಕನ್ನ ಹಾಕುವುದು ಮುಂತಾದ ಘೋರ ಅಪರಾಧ ನಡೆಯುತ್ತಿರುವಾಗ ಯಾರಾದರೂ ಸತ್ತರೆ, ಅದರಲ್ಲಿ ಭಾಗಿಯಾದವರೆಲ್ಲರನ್ನೂ ಕೊಲೆಗಾರರೆಂದು ಪರಿಗಣಿಸುವುದೇ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿರುವ ಫೆಲನಿ ಮರ್ಡರ್ ನಿಯಮ. ದರೋಡೆಯ ಉದ್ದೇಶ ರುಜುವಾತಾದರೆ ಸಾಕು, ಕೊಲ್ಲುವ ಉದ್ದೇಶವಿತ್ತೆಂದು ತೋರಿಸಬೇಕಿಲ್ಲ. ಹೀಗಾಗಿ ಗುಂಡು ಆಕಸ್ಮಿಕವಾಗಿ ಹಾರಿತೆಂಬ ವಾದ ನಿಲ್ಲುವುದಿಲ್ಲ. ನಿಯಮದ ತವರಾದ ಇಂಗ್ಲೆಂಡ್ ಇದನ್ನು 1957ರ ಹೋಮಿಸೈಡ್ ಆಕ್ಟ್ ಮೂಲಕ ಕೈಬಿಟ್ಟಿತು.

ಓದುವಾಗ ತೊಡಕಾಗುವುದು ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಲ್ಲಿ. ಎನ್ಮಂಡ್ ಪ್ರಕರಣದಲ್ಲಿ (1982) ಸಹಚರರು ವೃದ್ಧ ದಂಪತಿಯನ್ನು ಅವರ ತೋಟದ ಮನೆಯಲ್ಲಿ ಗುಂಡಿಟ್ಟು ಕೊಂದಾಗ, ಆರೋಪಿಯು ರಸ್ತೆಬದಿಯ ಕಾರಿನಲ್ಲಿ ಕಾಯುತ್ತಿದ್ದನೆಂದಷ್ಟೇ ಸಾಕ್ಷ್ಯದಿಂದ ಊಹಿಸಬಹುದಾಗಿತ್ತು. ತಾನು ಕೊಲ್ಲದ, ಕೊಲ್ಲುವ ಉದ್ದೇಶವೂ ಇಲ್ಲದ ಇಂಥವನಿಗೆ ಮರಣದಂಡನೆ ಸಲ್ಲದೆಂದು ನ್ಯಾಯಾಲಯ ಹೇಳಿತು. ಟೈಸನ್ ಪ್ರಕರಣದಲ್ಲಿ (1987) ಅದು ಈ ಮಿತಿಯನ್ನು ಸಡಿಲಿಸಿ, ಅಪರಾಧದಲ್ಲಿ ಪ್ರಮುಖ ಪಾತ್ರ ಮತ್ತು ಮನುಷ್ಯಜೀವದ ಬಗ್ಗೆ ಲೆಕ್ಕಿಸದ ಉಪೇಕ್ಷೆ ಎರಡೂ ಇದ್ದರೆ ಮರಣದಂಡನೆ ಸಾಧ್ಯವೆಂದಿತು. ಇವೆರಡೂ ಕೇವಲ ಶಿಕ್ಷೆಯ ಮಿತಿಯನ್ನು ಕುರಿತ ತೀರ್ಪುಗಳು; ಗಲ್ಲಿನಿಂದ ಪಾರಾದ ಎನ್ಮಂಡ್ ಕಾನೂನಿನ ಕಣ್ಣಿನಲ್ಲಿ ಕೊಲೆಗಾರನಾಗಿಯೇ ಉಳಿದ. ಕ್ಯಾಲಿಫೋರ್ನಿಯಾ 2018ರಲ್ಲಿ ಅಂಗೀಕರಿಸಿ 2019ರ ಜನವರಿ 1ರಿಂದ ಜಾರಿಗೆ ತಂದ ತಿದ್ದುಪಡಿಯಾದರೋ ಟೈಸನ್ ತೀರ್ಪಿನ ಅದೇ ಪದಗಳನ್ನು ತಂದು ಕೊಲೆಯ ವ್ಯಾಖ್ಯೆಯೊಳಗೇ ಇರಿಸಿತು. ಆದ್ದರಿಂದ ‘ಪ್ರಮುಖ ಪಾತ್ರ’ ಎಂಬ ಪದ ಎದುರಾದಾಗಲೆಲ್ಲ, ಇಲ್ಲಿ ಕೇಳುತ್ತಿರುವುದು ‘ಇವನು ಕೊಲೆಗಾರನೇ?’ ಎಂದೋ, ‘ಕೊಲೆಗಾರನಾದ ಇವನಿಗೆ ಎಷ್ಟು ಶಿಕ್ಷೆ?’ ಎಂದೋ ಮೊದಲು ನಿರ್ಧರಿಸಿಕೊಳ್ಳಬೇಕು. ಜೊತೆಗಾರರ ಬಳಿ ಆಯುಧವಿದೆಯೆಂದು ತಿಳಿದಿದ್ದ ಮಾತ್ರಕ್ಕೆ ಉಪೇಕ್ಷೆ ಸಾಬೀತಾಗುವುದಿಲ್ಲವೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಬ್ಯಾಂಕ್ಸ್ ಪ್ರಕರಣದಲ್ಲಿ (2015) ಹೇಳಿರುವುದನ್ನೂ ನೆನಪಿಡಬೇಕು.

ಕ್ಯಾಲಿಫೋರ್ನಿಯಾದ ಈ ಸುಧಾರಣೆ ಅರ್ಧದಲ್ಲೇ ನಿಂತಿದೆಯೆಂಬುದು ನನ್ನ ಅಭಿಪ್ರಾಯ. ಸ್ವತಃ ಸಾವಿಗೆ ಕಾರಣನಾದವನಿಗೆ ಅದು ಅನ್ವಯಿಸದು. ಅವನ ಕೈಯಿಂದಾದ ಆಕಸ್ಮಿಕ ಸಾವು ಈಗಲೂ ಕೊಲೆಯೇ. ಕರ್ತವ್ಯನಿರತ ಪೊಲೀಸ್ ಅಧಿಕಾರಿ ಸತ್ತ ಪ್ರಕರಣಗಳನ್ನೂ ಈ ಸುಧಾರಣೆಯಿಂದ ಪ್ರತ್ಯೇಕವಾಗಿ ಹೊರಗಿಡಲಾಗಿದೆ. ಅದಕ್ಕಿಂತ ಮೊದಲೇ, 1980ರ ಆರನ್ ತೀರ್ಪಿನಲ್ಲಿ, ಮಿಷಿಗನ್ ನ್ಯಾಯಾಲಯ ಕೊಲೆಗೆ ಬೇಕಾದ ಮನಃಸ್ಥಿತಿಯನ್ನು ದರೋಡೆಯ ಉದ್ದೇಶದಿಂದಷ್ಟೇ ಪಡೆಯಲಾಗದೆಂದು ಹೇಳಿ ನಿಯಮದ ಬುಡಕ್ಕೇ ಕೈಹಾಕಿತ್ತು. ತತ್ತ್ವದ ದೃಷ್ಟಿಯಿಂದ ನನಗೆ ಅದೇ ಸರಿಯೆನಿಸುತ್ತದೆ.

ನಮ್ಮ ಕಾನೂನು ಪರೀಕ್ಷೆಗಳಲ್ಲಿ ಹೋಲಿಕೆಗೆ ಬರುವುದು ಐಪಿಸಿ (ಭಾರತೀಯ ದಂಡ ಸಂಹಿತೆ) 396, ಅಂದರೆ ಈಗಿನ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 310(3): ಐದು ಅಥವಾ ಹೆಚ್ಚು ಜನ ಕೂಡಿ ಡಕಾಯಿತಿ ನಡೆಸುವಾಗ ಒಬ್ಬ ಕೊಲೆ ಮಾಡಿದರೆ ಎಲ್ಲರಿಗೂ ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ 10 ವರ್ಷಗಳ ಕಠಿಣ ಸಜೆ. ಆದರೆ ಇಲ್ಲಿ ಅವರಲ್ಲೊಬ್ಬನ ಕೃತ್ಯವು ಕೊಲೆಯ ವ್ಯಾಖ್ಯೆಗೆ ಒಳಪಡಲೇಬೇಕು. ಬರಿಯ ಆಕಸ್ಮಿಕ ಸಾವು ಸಾಲದು.