ಅಮೆರಿಕದಲ್ಲಿ ದೇಣಿಗೆಗೆ ಮಿತಿ ಇದ್ದರೆ, ಈ ಕೋಟಿ ಕೋಟಿ ಡಾಲರ್ ಹೋಗುವುದು ಎಲ್ಲಿಂದ?

ಪ್ರಶ್ನೆ: ಅಮೆರಿಕದಲ್ಲಿ ಒಬ್ಬ ಅಭ್ಯರ್ಥಿಗೆ ಇಷ್ಟೇ ದುಡ್ಡು ಕೊಡಬೇಕು ಅಂತ ಕಾನೂನು ಇದೆಯಂತೆ. ಹಾಗಾದರೆ ಅಲ್ಲಿನ ಬಲಪಂಥೀಯ ರಾಜಕೀಯವನ್ನು ನಾಲ್ಕಾರು ಶ್ರೀಮಂತರು ನಡೆಸುತ್ತಾರೆ ಅನ್ನೋದು ಸುಮ್ನೆ ಮಾತಾ?

ಕಾನೂನು ಇರುವುದು ನಿಜ. 2024ರ ಚುನಾವಣೆಯಲ್ಲಿ ಒಬ್ಬರು ಒಬ್ಬ ಅಭ್ಯರ್ಥಿಗೆ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಮೊದಲ ಸುತ್ತಿನಲ್ಲಿ) 3,300 ಡಾಲರ್, ಕೊನೆಯ ಚುನಾವಣೆಗೆ ಇನ್ನೊಂದು 3,300 ಡಾಲರ್ ಕೊಡಬಹುದಿತ್ತು, ಅಷ್ಟೇ. (ಎಚ್-1ಬಿ ವೀಸಾದಲ್ಲಿರುವ ನಮ್ಮವರು ಒಂದು ಡಾಲರನ್ನೂ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು.)

ಆದರೆ ಆ ಮಿತಿ ಅಭ್ಯರ್ಥಿಯ ಕೈಗೆ ಕೊಡುವ ದುಡ್ಡಿಗೆ ಮಾತ್ರ. ಕಾನೂನು ಚಾಪೆ ಕೆಳಗೆ ನುಸುಳಿದರೆ ದುಡ್ಡು ರಂಗೋಲಿ ಕೆಳಗೆ ನುಸುಳುತ್ತದೆ, ಗೊತ್ತಲ್ಲ. 2010ರ ಜನವರಿಯಲ್ಲಿ 'ಸಿಟಿಜನ್ಸ್ ಯುನೈಟೆಡ್' ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು: ಅಭ್ಯರ್ಥಿಯ ಜೊತೆ ಸೇರಿಕೊಳ್ಳದೆ ತಮ್ಮಷ್ಟಕ್ಕೆ ತಾವು ಪ್ರಚಾರಕ್ಕೆ ಖರ್ಚು ಮಾಡುವ ಕಂಪನಿಗಳಿಗೆ, ಸಂಘಗಳಿಗೆ ಮಿತಿ ಹಾಕುವಂತಿಲ್ಲ. ಅದರ ಬೆನ್ನಿಗೇ, ಎಷ್ಟು ಬೇಕಾದರೂ ದುಡ್ಡು ಎತ್ತಿ ಹೀಗೆ ಖರ್ಚು ಮಾಡುವ ಗುಂಪುಗಳಾದ ಸೂಪರ್ ಪ್ಯಾಕ್‌ಗಳು ಹುಟ್ಟಿದವು. ಅವು ದಾನಿಗಳ ಹೆಸರು ಹೇಳಬೇಕು. ಹೆಸರು ಬೇಡ ಅನ್ನುವವರಿಗೆ 'ಸಮಾಜ ಕಲ್ಯಾಣ'ದ ಸಂಸ್ಥೆಗಳಿವೆ. ಅವು ರಾಜಕೀಯಕ್ಕೂ ಖರ್ಚು ಮಾಡಬಹುದು, ಯಾರು ಕೊಟ್ಟರು ಅಂತ ಜನರಿಗೆ ಹೇಳಬೇಕಾಗಿಲ್ಲ.

ಇದರಲ್ಲಿ ಪಳಗಿದ ಕೈ ಕಾನ್ಸಸ್‌ನ ವಿಚಿಟಾ ಊರಿನ ಕೋಕ್ ಸಹೋದರರದ್ದು. ಸ್ಪೆಲ್ಲಿಂಗ್ ನೋಡಿ ನಾವು ಕೋಚ್ ಅಂತೀವಿ, ಅವರು ಕರೆಯುವುದು ಕೋಕ್. ತೈಲ ಸಂಸ್ಕರಣೆಯಿಂದ ಪೇಪರ್ ಟವೆಲ್‌ವರೆಗೆ ವ್ಯಾಪಾರ. ಅಣ್ಣ ಚಾರ್ಲ್ಸ್ 2003ರಿಂದ ವರ್ಷಕ್ಕೆ ಎರಡು ಸಲ ಶ್ರೀಮಂತರನ್ನು ರೆಸಾರ್ಟಿನಲ್ಲಿ ಸೇರಿಸಲು ಶುರುಮಾಡಿದರು. ಒಳಗೆ ಕೂರಬೇಕೆಂದರೆ ವರ್ಷಕ್ಕೆ ಕನಿಷ್ಠ 1 ಲಕ್ಷ ಡಾಲರ್. 2016ರ ಚುನಾವಣೆಯ ಹೊತ್ತಿಗೆ ಈ ಗುಂಪು ಹಾಕಿಕೊಂಡಿದ್ದ ಬಜೆಟ್ 88.9 ಕೋಟಿ ಡಾಲರ್. ಅದೆಲ್ಲ ಟಿವಿ ಜಾಹೀರಾತಿಗಲ್ಲ. ಸಂಶೋಧನಾ ಸಂಸ್ಥೆಗಳಿಗೆ, ಕಾಲೇಜುಗಳಿಗೆ, 2004ರಲ್ಲಿ ಕಟ್ಟಿದ 'ಅಮೆರಿಕನ್ಸ್ ಫಾರ್ ಪ್ರಾಸ್ಪೆರಿಟಿ'ಯ ಹುಡುಗರು ಚುನಾವಣೆ ಇಲ್ಲದ ವರ್ಷದಲ್ಲೂ ಮನೆಮನೆ ಬಾಗಿಲು ತಟ್ಟುವುದಕ್ಕೆ.

ಇಷ್ಟೆಲ್ಲ ಇದ್ದೂ 2016ರಲ್ಲಿ ಗೆದ್ದದ್ದು ಅವರು ಬೆಂಬಲಿಸದ ಟ್ರಂಪ್! 2023ರ ನವೆಂಬರಿನಲ್ಲಿ, ಅದೇ ರಿಪಬ್ಲಿಕನ್ ಪಕ್ಷದಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಹಿಂದೆ ನಿಂತರು, ಮುಂದಿನ ಮಾರ್ಚ್‌ನಲ್ಲಿ ಹೇಲಿ ಕಣದಿಂದ ಹೊರಗೆ. ಹಾಗಾಗಿ 'ದುಡ್ಡಿದ್ದವರು ಹೇಳಿದವರೇ ಅಧ್ಯಕ್ಷ' ಅನ್ನುವುದು ತಪ್ಪು ಲೆಕ್ಕ. ಆದರೆ ಅದೇ ಟ್ರಂಪ್ 2017ರಲ್ಲಿ ಕಂಪನಿ ತೆರಿಗೆಯನ್ನು 35ರಿಂದ ಶೇ. 21ಕ್ಕೆ ಇಳಿಸಿದಾಗ, ಅದರ ಪರ ಊರೂರಲ್ಲಿ ಪ್ರಚಾರ ಮಾಡಿದ್ದು ಇದೇ ಗುಂಪು. ಆಳು ಬೇಡವಾಗಿದ್ದ, ಕೆಲಸ ಆಯಿತು.

ನನ್ನ ಪ್ರಕಾರ ನಿಜವಾಗಿ ನೋಡಬೇಕಾದ್ದು ಬ್ಯಾರಿ ಸೈಡ್ ಅನ್ನುವ ಶಿಕಾಗೋದ ಉದ್ಯಮಿಯ ಕತೆ. ಫೋಟೋದಲ್ಲಿ ಕೂಡ ಅಪರೂಪಕ್ಕೆ ಕಾಣುವ, 90 ದಾಟಿದ ಅಜ್ಜ. ಅವರ ಕಂಪನಿ ಟ್ರಿಪ್ ಲೈಟ್ ಮಾಡುತ್ತಿದ್ದದ್ದು ಪವರ್ ಸ್ಟ್ರಿಪ್, ಯುಪಿಎಸ್ ಇಂಥವು. ಅವರು ಕಂಪನಿ ಮಾರಿ ದುಡ್ಡು ಕೊಡಲಿಲ್ಲ. ಮೊದಲು ಷೇರುಗಳನ್ನೇ 'ಮಾರ್ಬಲ್ ಫ್ರೀಡಂ ಟ್ರಸ್ಟ್'ಗೆ ಬರೆದುಕೊಟ್ಟರು. ಆಮೇಲೆ 2021ರಲ್ಲಿ ಕಂಪನಿ ಈಟನ್‌ಗೆ ಮಾರಾಟವಾಯಿತು, ಟ್ರಸ್ಟಿನ ಕೈಗೆ ಸುಮಾರು 160 ಕೋಟಿ ಡಾಲರ್ ಬಂತು. ತಾವೇ ಮಾರಿದ್ದರೆ ಲಾಭದ ಮೇಲೆ ದೊಡ್ಡ ತೆರಿಗೆ ಬೀಳುತ್ತಿತ್ತು, ಟ್ರಸ್ಟಿಗೆ ಆ ತಲೆನೋವಿಲ್ಲ. ಜನಕ್ಕೆ ಇದು ಗೊತ್ತಾಗಿದ್ದು 2022ರ ಆಗಸ್ಟ್‌ನಲ್ಲಿ.

ಆ ಟ್ರಸ್ಟ್ ಇರುವುದು ಲಿಯೊನಾರ್ಡ್ ಲಿಯೋ ಕೈಯಲ್ಲಿ. ಬಲಪಂಥೀಯ ವಕೀಲರ ಸಂಘವಾದ ಫೆಡರಲಿಸ್ಟ್ ಸೊಸೈಟಿಯಲ್ಲಿದ್ದುಕೊಂಡು ಸುಪ್ರೀಂ ಕೋರ್ಟಿಗೆ ಯಾರನ್ನು ಹಾಕಬೇಕು ಅಂತ ಟ್ರಂಪ್‌ಗೆ ಪಟ್ಟಿ ಮಾಡಲು ನೆರವಾದವರು. ಶಾಸಕ ಎರಡು ವರ್ಷಕ್ಕೋ ಆರು ವರ್ಷಕ್ಕೋ ಮನೆಗೆ ಹೋಗಬಹುದು. ಅಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಗೆ ನಿವೃತ್ತಿ ವಯಸ್ಸೇ ಇಲ್ಲ. ಎಲ್ಲಿ ಹೂಡಿದರೆ ಜಾಸ್ತಿ ಬಾಳಿಕೆ, ನೀವೇ ಹೇಳಿ.

ಎಡಗಡೆಯವರು ಸಾಚಾ ಅಂತಲ್ಲ. 2020ರಲ್ಲಿ ಡೆಮಾಕ್ರಟ್ ಕಡೆಯ 'ಸಿಕ್ಸ್‌ಟೀನ್ ಥರ್ಟಿ ಫಂಡ್' ಒಂದೇ 41 ಕೋಟಿ ಡಾಲರ್ ಖರ್ಚು ಮಾಡಿತು, ಅದೂ ದಾನಿಗಳ ಹೆಸರು ಹೇಳದೆ.

ನಮ್ಮಲ್ಲಿ ಎಲೆಕ್ಟೋರಲ್ ಬಾಂಡ್ ನೆನಪಿದೆ ಅಲ್ವಾ? 2024ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಕೊಟ್ಟವರ ಹೆಸರು ಹೊರಗೆ ಹಾಕಿ ಅಂತ ಸ್ಟೇಟ್ ಬ್ಯಾಂಕಿಗೆ ಹೇಳಿತು. ಅಮೆರಿಕದಲ್ಲಿ 2021ರ ಜುಲೈನಲ್ಲಿ ಆಗಿದ್ದು ಉಲ್ಟಾ. ದೊಡ್ಡ ದಾನಿಗಳ ಪಟ್ಟಿಯನ್ನು ನಮಗೆ ಕೊಡಿ ಅಂತ ದತ್ತಿ ಸಂಸ್ಥೆಗಳನ್ನು ಕ್ಯಾಲಿಫೋರ್ನಿಯಾ ಸರ್ಕಾರ ಕೇಳುತ್ತಿತ್ತು. ಕೇಳುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 6-3ರಲ್ಲಿ ತೀರ್ಪು ಕೊಟ್ಟಿತು. ಕೇಸು ಹಾಕಿದವರಲ್ಲಿ ಒಬ್ಬರು ಕೋಕ್ ಬಳಗದ ಅದೇ ಪ್ರಾಸ್ಪೆರಿಟಿಯ ಫೌಂಡೇಶನ್. ಆರು ಜಡ್ಜ್‌ಗಳಲ್ಲಿ ಮೂವರು ಟ್ರಂಪ್ ನೇಮಿಸಿದವರು.